ಓಟ ಬೇಕು, ಕೋಲು ಬೇಡ

ರಾಗಿ ಒಕ್ಕಣೆ ಮುಗೀತು, ಬಣವೆನೂ ಹಾಕಿ ಆಯ್ತು. ಅವರೆ ಇನ್ನೊಂದೆರಡು ಸಲ ಬಿಡಿಸೋಕೆ ಐತೆ. ಈ ವಾರ ತೆಂಗಿನ ನುಸಿ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಅದಕ್ಕಿಂತ ಅರ್ಜೆಂಟಾದ ವಿಷಯ ಬಂದೈತೆ.

ಮೊನ್ನೆ ಸಂಜೆ ಹಾಲು ಡೈರಿಗೆ ಹಾಕಿ ಬಂದು ಕೂತಿದ್ದೆ. ಊರಿನ ಹುಡುಗ್ರು ಐದಾರು ಜನ ಚಂದಾ ಪುಸ್ತಕ ಹಿಡ್ಕೊಂಡು ಬಂದ್ರು. ಶಿವರಾತ್ರಿ ಕಳೆದ ಮೇಲೆ ಜೋಡೆತ್ತಿನ ಗಾಡಿ ಓಟ ಮಾಡಿಸ್ತಾರಂತೆ. "ದೊಡ್ಡಪ್ಪ, ಗೆರೆ ಹತ್ರ ನಿಂತು ತೀರ್ಪು ಹೇಳೋಕೆ ನೀವೇ ಬರಬೇಕು" ಅಂದ್ರು. ಚಂದಾ ಕೊಟ್ಟೆ. ತೀರ್ಪಿನ ವಿಷಯ ಆಮೇಲೆ ಹೇಳ್ತೀನಿ ಅಂದೆ. ಆ ಉತ್ತರವನ್ನೇ ಇಲ್ಲಿ ಎಲ್ಲರಿಗೂ ಗೊತ್ತಾಗೋ ಹಂಗೆ ಬರೀತಾ ಇದೀನಿ.

ನನಗೆ ಓಟದ ಹುಚ್ಚು ಎಷ್ಟು ಅಂತ ಮಾರ್ಕೋನಹಳ್ಳಿ ಸುತ್ತಮುತ್ತಲಿನ ಹಳಬರಿಗೆಲ್ಲ ಗೊತ್ತು. ಆರೇಳು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಮೊದಲ ಓಟ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಹಿಂದಿನ ದಿನ ನಾಗಮಂಗಲ ಕಡೆ ಓಟ ಐತೆ ಅಂತ ಗೊತ್ತಾಗಿ, ಸೈಕಲ್ ತುಳ್ಕೊಂಡು ಹೋಗಿಬಿಟ್ಟಿದ್ದೆ. 37 ಬಂತು, ಪಾಸಾದೆ. ಆ ಓಟದಲ್ಲಿ ಯಾವ ಜೋಡಿ ಗೆಲ್ತು ಅನ್ನೋದು ಈಗಲೂ ನೆನಪೈತೆ, ಪರೀಕ್ಷೇಲಿ ಏನು ಕೇಳಿದ್ರು ಅನ್ನೋದು ನೆನಪಿಲ್ಲ.

ನಮ್ಮ ಕಡೆ ಓಟ ಅಂದ್ರೆ ಉದ್ದ ಹಾದಿ ಅಲ್ಲ. ಅಕ್ಕಪಕ್ಕ ಎರಡು ಟ್ರ್ಯಾಕು, ಎರಡು ಗಾಡಿ, ಇಪ್ಪತ್ತು ಸೆಕೆಂಡಿನ ಆಜುಬಾಜು. ವರ್ಷವೆಲ್ಲ ಹುರುಳಿ ಬೇಯಿಸಿ ಹಾಕಿ, ಮೈ ತೊಳೆದು, ಲಾಳ ಕಟ್ಟಿಸಿ ಸಾಕಿದ್ದು ಅಷ್ಟು ಹೊತ್ತಿಗೆ. ಗಾಡಿ ಬಿಟ್ಟ ತಕ್ಷಣ ಡ್ಯಾಮಿನ ಸೈಫನ್ ತುಂಬಿ ಬಿದ್ದಂಗೆ ಜನ ಕೂಗ್ತಾರೆ. ನನ್ನ ಮಗ ಮೊಬೈಲಲ್ಲಿ ಕಾರ್ ರೇಸ್ ನೋಡ್ತಾನೆ. ಒಂದೊಂದು ಸಲ ಪಕ್ಕದಲ್ಲಿ ಕೂತು ನಾನೂ ನೋಡ್ತೀನಿ. ಹುಚ್ಚು ಒಂದೇ. ಒಂದು ವ್ಯತ್ಯಾಸ ಅಂದ್ರೆ, ಅಲ್ಲಿ ಕಾರು ಓಡದೇ ಇದ್ರೆ ಬಾನೆಟ್ ಎತ್ತಿ ಇಂಜಿನ್ ನೋಡ್ತಾರೆ. ಇಲ್ಲಿ ಎತ್ತು ಓಡದೇ ಇದ್ರೆ ಕೋಲು ಎತ್ತುತಾರೆ.

ನಾನು ಇದನ್ನ ದೂರದಿಂದ ಹೇಳ್ತಾ ಇಲ್ಲ. ನಾನೂ ಎತ್ತಿದವನೇ.

1994ರಲ್ಲಿ ನಮ್ಮ ಮನೇಲಿ ಒಳ್ಳೆ ಹಳ್ಳಿಕಾರ್ ಜೋಡಿ ಇತ್ತು. ಸಿದ್ಧಗಂಗೆ ಜಾತ್ರೇಲಿ ಎರಡು ಹಲ್ಲಾಗಿದ್ದಾಗ ಅಪ್ಪ ತಂದಿದ್ದು, ಉಳುಮೆಗೂ ಅವೇ, ಗೊಬ್ಬರ ಹೊಡೆಯೋಕೂ ಅವೇ. ಯುಗಾದಿ ಕಳೆದ ಮೇಲೆ ಒಂದು ಕಡೆ ಓಟಕ್ಕೆ ಕಟ್ಟಿದೆ. ಅಪ್ಪನಿಗೆ ಗೊತ್ತಾಗದಂಗೆ ಬಾರುಕೋಲಿನ ತುದಿಗೆ ಮೊಳೆ ಹೊಡೆದಿದ್ದೆ. ಕೊನೇ ಐವತ್ತು ಮಾರಿನಲ್ಲಿ ಬಲಗಡೆ ಎತ್ತಿಗೆ ಚುಚ್ಚಿದೆ. ಎರಡನೇ ಬಹುಮಾನ ಬಂತು, ಒಂದು ಹಿತ್ತಾಳೆ ಕೊಳಗ. ಮೂರು ದಿನಕ್ಕೆ ಗಾಯ ಕೀವಾಯ್ತು. ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ಟು ಹೋದ್ರು. ಗಾಯ ಮಾದರೂ ಆ ಎತ್ತು ನನ್ನ ಕೈ ಹಿಂದಕ್ಕೆ ಹೋದ್ರೆ ಸಾಕು, ಒದೆಯೋಕೆ ಬರ್ತಿತ್ತು. ಮುಂಗಾರು ಬಿದ್ದಾಗ ನೊಗಕ್ಕೆ ಬರಲಿಲ್ಲ. ಪಕ್ಕದವರ ಎತ್ತು ಬಾಡಿಗೆಗೆ ತಂದು ಉತ್ತೆವು, ಅವರ ಹೊಲ ಮುಗಿದ ಮೇಲೆ ನಮ್ಮದು. ಆ ವರ್ಷ ರಾಗಿ ಬಿತ್ತನೆ ತಡವಾಯ್ತು.

ಅಪ್ಪ ಬೈಯಲಿಲ್ಲ. ಕೋಲು ಮುರಿದು ನೀರೊಲೆಗೆ ಹಾಕಿದ್ರು. ಕೊಳಗ ನೋಡಿ, "ಈ ಬಹುಮಾನ ನಿಂದಲ್ಲ ಕಣ್ಲಾ, ಮೊಳೇದು" ಅಂದ್ರು. ಆ ಕೊಳಗ ಈಗಲೂ ಮನೇಲೈತೆ, ಅಟ್ಟದ ಮೇಲೆ. ನಾವ್ಯಾರೂ ಅದರಲ್ಲಿ ಏನೂ ಅಳೆದಿಲ್ಲ.

ಇನ್ನು ಕಾನೂನಿನ ವಿಷಯ. ಹುಡುಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. 2011ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಟ-ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಗೂಳಿಯನ್ನೂ ಸೇರಿಸಿತು. ಅದರಲ್ಲಿ ಮೊದಲೇ ಇದ್ದವು ಕರಡಿ, ಕೋತಿ, ಹುಲಿ, ಚಿರತೆ, ಸಿಂಹ. ಆಮೇಲೆ 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡನ್ನೂ ನಿಲ್ಲಿಸಿತು. 2017ರ ಜನವರಿಯಲ್ಲಿ ಚೆನ್ನೈ ಮರೀನಾ ಕಡಲ ತೀರದಲ್ಲಿ ಜನ ಕೂತರು. ಅದರ ಬೆನ್ನಲ್ಲೇ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯೂ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡೋ ತಿದ್ದುಪಡಿ ಪಾಸು ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಈ ತಿದ್ದುಪಡಿಗಳನ್ನ ಎತ್ತಿಹಿಡಿಯಿತು.

ಗೆದ್ವಿ ಅಂತ ಪಟಾಕಿ ಹೊಡೆದ್ವಿ. ಆದ್ರೆ ಆ ತಿದ್ದುಪಡಿಯಲ್ಲೇ ಒಂದು ಮಾತೈತೆ: ಪ್ರಾಣಿಗೆ ಅನಗತ್ಯ ನೋವು ಕೊಡಬಾರದು. ಓಟಕ್ಕೆ ಪರವಾನಗಿ ಸಿಕ್ಕಿರೋದು ಆ ಷರತ್ತಿನ ಮೇಲೆ. ಷರತ್ತು ಮುರಿದವನಿಗೆ ದಂಡ ಎಷ್ಟು ಗೊತ್ತಾ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಬರೆದಿರೋದು 10 ರೂಪಾಯಿಯಿಂದ 50 ರೂಪಾಯಿ. ಈಗ ಓಟದ ದಿನ ಬೈಕ್ ನಿಲ್ಲಿಸೋಕೂ ಅಷ್ಟು ತಗೊಳ್ತಾರೆ. ಅಂದ್ರೆ ದಂಡಕ್ಕೆ ಹೆದರಿ ಯಾರೂ ಕೋಲು ಕೆಳಗಿಡಲ್ಲ. ಇಡೋದಾದ್ರೆ ನಾವೇ ಇಡಬೇಕು. ಒಂದು ಊರಲ್ಲಿ ಎತ್ತಿನ ಬೆನ್ನ ಮೇಲೆ ರಕ್ತ ಬಂದಿದ್ದು ವಿಡಿಯೋ ಆದ್ರೆ, ನಾಳೆ ಅದೇ ಮತ್ತೆ ಕೋರ್ಟಿಗೆ ಹೋಗುತ್ತೆ. ಆಗ ಮುಚ್ಚೋದು ಆ ಊರಿನ ಓಟ ಮಾತ್ರ ಅಲ್ಲ.

2014ರ ತೀರ್ಪಿನಲ್ಲಿ ನನಗೆ ನೋವಾದ ಒಂದು ವಿಷಯನೂ ಹೇಳಿಬಿಡ್ತೀನಿ. ಗೂಳಿ, ಎತ್ತು ಭಾರ ಎಳೆಯೋ ಪ್ರಾಣಿ, ಕುದುರೆ ಥರ ಓಡೋಕೆ ಅದರ ಮೈಕಟ್ಟು ಆಗಿಲ್ಲ ಅನ್ನೋದು ಅದರ ಸಾರ. ನಮ್ಮ ಕುಣಿಗಲ್‌ನಲ್ಲೇ ಟಿಪ್ಪು ಕಾಲದ ಕುದುರೆ ಫಾರಂ ಐತೆ. ಅಲ್ಲಿ ಹುಟ್ಟಿದ ಕುದುರೆ ರೇಸಿಗೆ ಹೋಗುತ್ತೆ, ಅದಕ್ಕೆ ಯಾರೂ ಮೈಕಟ್ಟು ಕೇಳಲ್ಲ. ಹೈದರಾಲಿ, ಟಿಪ್ಪು ಸೈನ್ಯದ ಫಿರಂಗಿ ಎಳೆದಿದ್ದು ಅಮೃತಮಹಲ್ ಎತ್ತು, ಅದರ ಮೂಲದಲ್ಲಿ ನಮ್ಮ ಹಳ್ಳಿಕಾರ್ ರಕ್ತ ಐತೆ, ಗುಬ್ಬಿ ತಾಲ್ಲೂಕಿನ ಹಾಗಲವಾಡಿ ದನದ್ದೂ ಐತೆ ಅಂತಾರೆ. ನಿಧಾನದ ಎತ್ತಾಗಿದ್ರೆ ಸೈನ್ಯಕ್ಕೆ ಯಾಕೆ ಬೇಕಿತ್ತು? ಹಳ್ಳಿಕಾರ್ ಓಡುತ್ತೆ. ಓಡೋಕೆ ಅದಕ್ಕೆ ಇಷ್ಟನೂ ಐತೆ. ಹಂಗಂತ ನಾವು ವಾದ ಮಾಡೋದಾದ್ರೆ, ಕೋಲಿಲ್ಲದೆ ಓಡಿಸಿ ತೋರಿಸಬೇಕು. ಕೈಲಿ ಮೊಳೆ ಇಟ್ಕೊಂಡು "ಇದರ ರಕ್ತದಲ್ಲೇ ಓಟ ಐತೆ" ಅಂದ್ರೆ ಯಾರು ನಂಬ್ತಾರೆ?

ಓಟ ನಿಂತಿದ್ದಾಗ ಏನಾಯ್ತು ಅಂತಲೂ ನೋಡಿದೀನಿ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಉಳಿದಿದ್ದ ಬೆಲೆ ಓಟದ್ದು, ಜಾತ್ರೇದು. 2015ರಲ್ಲಿ ನಮ್ಮ ಮನೆಯ ಎರಡು ಹೋರಿಗರುಗಳನ್ನ ಕೇಳೋರೇ ಇರಲಿಲ್ಲ, ದಲ್ಲಾಳಿ ಹೇಳಿದ್ದೇ ರೇಟು. ಆದ್ದರಿಂದ ಓಟ ಬೇಡ ಅನ್ನೋರ ಜೊತೆ ನಾನಿಲ್ಲ. ಹಳ್ಳಿಕಾರ್ ಉಳಿಸೋಕೆ ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ತಳಿ ಕೇಂದ್ರ ಐತೆ, ಒಳ್ಳೇದೇ. ಆದ್ರೆ ತಳಿ ನಿಜವಾಗಿ ಉಳಿಯೋದು ನಮ್ಮಂಥೋರ ಕೊಟ್ಟಿಗೇಲಿ, ಸಾಕಿದ್ದಕ್ಕೆ ನಾಲ್ಕು ಕಾಸು ಬಂದ್ರೆ.

ಇಲ್ಲೇ ಇನ್ನೊಂದು ತಕರಾರು. ಈಗ ಓಟಕ್ಕೆ ಬರೋ ಎಷ್ಟೋ ಜೋಡಿ ಹೊಲವನ್ನೇ ನೋಡಿಲ್ಲ. ಫ್ಯಾನ್ ಕೆಳಗೆ ಕಟ್ಟಿ, ಲಕ್ಷಗಟ್ಟಲೆ ಕೊಟ್ಟು ತಂದು, ಲಾರೀಲಿ ಊರೂರು ಸುತ್ತಿಸ್ತಾರೆ. ಅವರ ದುಡ್ಡು, ಅವರ ಆಸೆ, ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ಉತ್ತು ಮಧ್ಯಾಹ್ನ ಓಟಕ್ಕೆ ಬರೋ ರೈತನ ಜೋಡಿ ಅದರ ಪಕ್ಕ ನಿಂತ್ರೆ ಮೊದಲ ಸುತ್ತಿಗೇ ಮನೆಗೆ. ಎರಡು ವರ್ಷ ಹಿಂಗಾದ್ರೆ ಅವನು ಮೂರನೇ ವರ್ಷ ಎತ್ತು ಮಾರ್ತಾನೆ.

ಅದಕ್ಕೆ ಹುಡುಗರಿಗೆ ನನ್ನ ಷರತ್ತು ಇಷ್ಟು.

ಒಂದು, ಕೋಲು ಗಾಡಿ ಮೇಲೆ ಹೋಗಬಾರದು. ಹಗ್ಗ ಇರಲಿ, ಬಾಯಿ ಇರಲಿ. ಬಾಲ ಕಚ್ಚಿದ್ರೆ, ತಿರುಚಿದ್ರೆ ಜೋಡಿ ಹೊರಗೆ.

ಎರಡು, ಓಟಕ್ಕೆ ಮುಂಚೆ ಪಶು ಡಾಕ್ಟ್ರು ಎಲ್ಲಾ ಎತ್ತನ್ನೂ ನೋಡಬೇಕು. ಎತ್ತಿಗೂ ಹೆಂಡ ಹಾಕಬಾರದು, ಗಾಡಿ ಹೊಡೆಯೋನಿಗೂ ಹಾಕಬಾರದು.

ಮೂರು, ಉಳೋ ಎತ್ತಿಗೆ ಬೇರೆ ಓಟ, ಬೇರೆ ಬಹುಮಾನ. ಯಾವುದು ಉಳೋ ಎತ್ತು ಅಂತ ಹೇಗೆ ಗೊತ್ತಾಗುತ್ತೆ ಅಂದ್ರು. ಹೆಗಲು ಮುಟ್ಟಿ ನೋಡ್ರಪ್ಪ, ನೊಗ ಹೊತ್ತ ಗಟ್ಟು ಸುಳ್ಳು ಹೇಳಲ್ಲ.

ನಾಲ್ಕು, ಟ್ರ್ಯಾಕಿನ ಎರಡೂ ಕಡೆ ಗಳ ಕಟ್ಟಬೇಕು. ಗೆರೆ ದಾಟಿದ ಮೇಲೆ ಒಂದಷ್ಟು ದೂರ ನೆಲ ಉತ್ತು ಸಡಿಲ ಮಾಡಿರಬೇಕು. ಸಡಿಲ ಮಣ್ಣಲ್ಲಿ ಗಾಡಿ ತಾನೇ ನಿಧಾನ ಆಗುತ್ತೆ, ಎತ್ತಿನ ಮೂಗುದಾರ ಜಗ್ಗೋ ಕೆಲಸ ಇರಲ್ಲ, ಜನದ ಮೇಲೂ ನುಗ್ಗಲ್ಲ.

"ಕೋಲಿಲ್ದೆ ಎತ್ತು ಓಡ್ತವಾ ದೊಡ್ಡಪ್ಪ?" ಅಂತ ಒಬ್ಬ ನಕ್ಕ. ಅವನಿಗೆ ನಾನು ಕೇಳಿದ್ದು ಇಷ್ಟೇ: ಸಂಜೆ ಹೊಲದಿಂದ ಗಾಡಿ ಮನೆ ಕಡೆ ತಿರುಗಿಸಿದಾಗ ಯಾರು ಹೊಡೀತಾರೆ? ಹಗ್ಗ ಹಿಡಿದು ತಡೆಯೋದೇ ಕಷ್ಟ. ಜೋಡಿ ಹೊಂದಿಕೆ ಆಗಿದ್ರೆ, ಸಾಕಿದವನ ದನಿ ಗೊತ್ತಿದ್ರೆ, ಓಡುತ್ತೆ. ವೇಗ ಒಂದೆರಡು ಸೆಕೆಂಡು ಕಮ್ಮಿ ಆಗಬಹುದು. ಎಲ್ಲರಿಗೂ ಕಮ್ಮಿ ಆದ್ರೆ ಓಟದ ರುಚಿ ಎಲ್ಲಿ ಕೆಡುತ್ತೆ?

ಈ ನಾಲ್ಕಕ್ಕೆ ಒಪ್ಪಿದ್ರೆ ಗೆರೆ ಹತ್ರ ಬಿಸಿಲಲ್ಲಿ ದಿನವಿಡೀ ನಿಲ್ತೀನಿ. ಒಪ್ಪದಿದ್ರೆ ನನ್ನ ಚಂದಾ ಊಟಕ್ಕಾಗಲಿ, ನಾನು ಅವತ್ತು ತೋಟದಲ್ಲಿರ್ತೀನಿ. ಐವತ್ತು ವರ್ಷದಲ್ಲಿ ಊರಲ್ಲಿ ಓಟ ಇದ್ದೂ ನೋಡದೇ ಇರೋ ಮೊದಲ ದಿನ ಅದಾಗುತ್ತೆ. ಸುಲಭ ಅಲ್ಲ.

ಭಾನುವಾರ ಸಂಜೆ ಅರಳಿಕಟ್ಟೆ ಹತ್ರ ಮಾತುಕತೆ ಐತೆ. ಅಮೃತೂರು, ಯಡಿಯೂರು ಕಡೆಯಿಂದ ಜೋಡಿ ತರೋರೂ ಬನ್ನಿ. ನನ್ನ ಮಾತು ತಪ್ಪು ಅನ್ನಿಸಿದ್ರೆ ಅಲ್ಲೇ ಎದುರಿಗೆ ಹೇಳಿ. ಕೊಳಗನೂ ಅಟ್ಟದಿಂದ ಇಳಿಸಿ ತರ್ತೀನಿ. ಉಳೋ ಎತ್ತಿನ ಓಟದಲ್ಲಿ ಕೋಲು ಮುಟ್ಟದೆ ಗೆದ್ದವನಿಗೆ ಕೊಡೋಣ ಅಂತ.