ಒಂದು ಬೋರ್ಡ್ ಆದ್ರೂ ಕೈಯಾರೆ ಮಾಡ್ರಿ

"ಲೇ, ಫೈಲ್ ಅಪ್‌ಲೋಡ್ ಮಾಡಿ ರೊಕ್ಕಾ ಕಟ್ಟಿದ್ರ ಬೋರ್ಡ್ ರೂಮಿಗೇ ಬರ್ತದ. ಇಸ್ತ್ರಿ ಪೆಟ್ಟಿಗಿ ಹಿಡ್ಕೊಂಡು ಯಾಕ ಕುಂತೀಯೋ?"

ವಿದ್ಯಾನಗರದ ನಮ್ಮ ರೂಮಿನಲ್ಲಿ ಮಿನಿ ಪ್ರಾಜೆಕ್ಟ್ ಟೈಮಿಗೆ ಗೆಳೆಯ ಕೇಳಿದ್ದು ಇದು. ಅವನ ಮಾತು ತಪ್ಪೇನಲ್ಲ. ಹೊರಗಿಂದ ಬರೋ ಬೋರ್ಡು ಅಚ್ಚುಕಟ್ಟಾಗಿರುತ್ತೆ, ಹಸಿರು ಮಾಸ್ಕ್ ಇರುತ್ತೆ. ಆದರೂ ನನ್ನ ವಾದ ಇಷ್ಟು: ನಾಲ್ಕು ವರ್ಷದಲ್ಲಿ ಒಂದು ಪಿಸಿಬಿಯನ್ನಾದರೂ ನಾವೇ ಎಚ್ ಮಾಡಬೇಕು. ಅದೂ ಸಣ್ಣ ಟ್ರೇಸ್ ಇರೋದನ್ನ.

ನನ್ನ ಮೊದಲ ಬೋರ್ಡಿನ ಕಥೆ ಕೇಳಿ. ಎಟಿಮೆಗಾ328ಪಿ ಚಿಪ್‌ನ ಸಣ್ಣ ರೂಪ, ಕಾಲುಗಳ ನಡುವೆ 0.8 ಮಿ.ಮೀ. ಅಂತರ. ಟ್ರೇಸ್ 0.2 ಮಿ.ಮೀ. ಇಟ್ಟೆ. ಸ್ಕ್ರೀನ್ ಮೇಲೆ ಬಹಳ ಚಂದ ಕಾಣ್ತಿತ್ತು. ಲೇಸರ್ ಪ್ರಿಂಟ್ ತೆಗೆದು, ಇಸ್ತ್ರಿ ಒತ್ತಿ, ಫೆರಿಕ್ ಕ್ಲೋರೈಡ್‌ನಲ್ಲಿ ಮುಳುಗಿಸಿದೆ. ಒಂದು ಮೂಲೆಯ ತಾಮ್ರ ಹೋಗ್ಲಿ ಅಂತ ಕಾಯ್ತಾ ಕೂತರೆ, ಇನ್ನೊಂದು ಕಡೆ ಟ್ರೇಸ್‌ಗಳೇ ಮಾಯ! ಮಲ್ಟಿಮೀಟರ್ ಇಟ್ಟರೆ ಬೀಪ್ ಇಲ್ಲ. ಪ್ರಿಂಟರ್‌ಗೆ ಬೈದೆ, ಪೇಪರ್‌ಗೆ ಬೈದೆ. ತಪ್ಪು ನನ್ನದೇ ಆಗಿತ್ತು.

ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್. ದ್ರಾವಣ ಕೆಳಮುಖವಾಗಿ ಮಾತ್ರ ತಿನ್ನೋದಿಲ್ಲ, ಟೋನರ್‌ನ ಅಡಿಗೆ ನುಗ್ಗಿ ಪಕ್ಕಕ್ಕೂ ತಿನ್ನುತ್ತೆ. 35 ಮೈಕ್ರಾನ್ ಇಳಿಯುವಷ್ಟರಲ್ಲಿ ಎರಡೂ ಅಂಚಲ್ಲಿ ಹೆಚ್ಚುಕಡಿಮೆ ಅಷ್ಟಷ್ಟೇ ಹೋಗಬಹುದು. ಅಂದರೆ 200 ಮೈಕ್ರಾನ್ ಟ್ರೇಸ್‌ನ ಮೇಲ್ಭಾಗ 130ಕ್ಕೆ ಬಂತು. ಮೇಲೆ ಐದು ನಿಮಿಷ ಜಾಸ್ತಿ ಬಿಟ್ಟರೆ? ಕಥೆ ಮುಗೀತು.

ಇದು ಗೊತ್ತಾದ ಮೇಲೆ ದಾರಿಗಳೂ ಕಂಡವು. ಖಾಲಿ ಜಾಗಕ್ಕೆಲ್ಲ ಗ್ರೌಂಡ್ ತುಂಬಿಸಿದರೆ ತಿನ್ನಬೇಕಾದ ತಾಮ್ರ ಕಡಿಮೆ, ದ್ರಾವಣವೂ ಹೆಚ್ಚು ದಿನ ಬಾಳುತ್ತೆ. ತಟ್ಟೆಯನ್ನು ಬೆಚ್ಚಗಿಟ್ಟು ಅಲ್ಲಾಡಿಸುತ್ತಾ ಇದ್ದರೆ ಎಲ್ಲ ಕಡೆ ಸಮನಾಗಿ, ಬೇಗ ಆಗುತ್ತೆ. 17.5 ಮೈಕ್ರಾನ್ ತಾಮ್ರದ ಬೋರ್ಡ್ ಸಿಕ್ಕರೆ ಪಕ್ಕದ ಸವೆತವೂ ಅರ್ಧ. ಇಸ್ತ್ರಿ ವಿಧಾನದಲ್ಲಿ ನನಗೆ 0.3 ಮಿ.ಮೀ. ಧೈರ್ಯವಾಗಿ ಬಂತು. 0.2ಕ್ಕೆ ಡ್ರೈ ಫಿಲ್ಮ್ ಬೇಕಾಯ್ತು: ಫಿಲ್ಮ್ ಅಂಟಿಸಿ, ನೆಗೆಟಿವ್ ಪ್ರಿಂಟ್‌ನ ಶಾಯಿ ಬದಿ ಕೆಳಗೆ ಬರುವಂತೆ ಇಟ್ಟು, ಯುವಿ ಬೆಳಕು ತೋರಿಸಿ, ವಾಷಿಂಗ್ ಸೋಡಾದ ತೆಳು ನೀರಲ್ಲಿ ತೊಳೆಯೋದು. ಶಾಯಿ ಬದಿ ಮೇಲಿದ್ದರೆ ಬೆಳಕು ಹಾಳೆಯ ದಪ್ಪದಲ್ಲಿ ಹರಡಿ ಅಂಚು ಮಸುಕಾಗುತ್ತೆ. ಇದನ್ನೂ ಒಂದು ಬೋರ್ಡ್ ಕೆಡಿಸಿಯೇ ಕಲಿತೆ.

ವೈವಾದಲ್ಲಿ "ಟ್ರೇಸ್ ಇಷ್ಟೇ ಯಾಕಿಟ್ಟೆ?" ಅಂದರೆ ನಮ್ಮಲ್ಲಿ ಬಹಳ ಜನ ಹೇಳೋದು, "ಡಿಫಾಲ್ಟ್ ಇತ್ರೀ ಸರ್." ಸಾಫ್ಟ್‌ವೇರ್‌ನ ಡಿಸೈನ್ ರೂಲ್ ಅನ್ನೋದು ಯಾರೋ ಬರೆದಿಟ್ಟ ನಿಯಮ ಅಲ್ಲ, ತಾಮ್ರ ಮತ್ತು ದ್ರಾವಣ ಸೇರಿ ಹಾಕಿದ ಮಿತಿ. ಒಮ್ಮೆ ಟ್ರೇಸ್ ಕಳ್ಕೊಂಡವನು ಆ ಅಂಕಿಯನ್ನು ಸುಮ್ಮನೆ ಓಕೆ ಒತ್ತಿ ಬಿಡೋದಿಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ಹೇಳ್ತಿಲ್ಲ. ನಾಲ್ಕು ಪದರದ ಬೋರ್ಡು, ತೂತಿನೊಳಗೆ ತಾಮ್ರ ಲೇಪನ ಬೇಕಾದದ್ದು, 0.5 ಮಿ.ಮೀ. ಅಂತರದ ಚಿಪ್ಪು ಇವನ್ನೆಲ್ಲ ನಾಚಿಕೆಯಿಲ್ಲದೆ ಆರ್ಡರ್ ಮಾಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಳಸಿದ ದ್ರಾವಣವನ್ನು ವಾಶ್‌ಬೇಸಿನ್‌ಗೆ ಸುರಿಯೋದು ನಮ್ಮ ಹಾಸ್ಟೆಲ್ ರೂಮುಗಳ ಹಳೇ ಚಾಳಿ. ನಾನೂ ಮೊದಲ ಸಲ ಅದನ್ನೇ ಮಾಡಿದೆ. ಅದು ಲೋಹದ ಪೈಪ್ ತಿನ್ನುತ್ತೆ. ಅದರಲ್ಲಿ ಕರಗಿರೋ ತಾಮ್ರ ಮೀನಿಗೆ ವಿಷ. ನಲ್ಲಿ ನೀರಿಗೆ ದಿನ ಎಣಿಸೋ ಊರಲ್ಲಿದ್ದು ಚರಂಡಿಗೆ ಇದನ್ನ ಬಿಡೋದು ಯಾವ ಎಂಜಿನಿಯರಿಂಗ್? ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟು ಮತ್ತೆ ಮತ್ತೆ ಬಳಸಿ. ಸತ್ವ ಹೋದ ಮೇಲೆ, ಹೆಸರು ಬರೆದು ಕೆಮಿಸ್ಟ್ರಿ ಲ್ಯಾಬಿನ ತ್ಯಾಜ್ಯಕ್ಕೆ ಕೊಡಿ.

ನಮಗೆ ಬೇಕಾಗಿರೋದು ಲ್ಯಾಬಿನಲ್ಲಿ ಒಂದು ಮೂಲೆ: ಎರಡು ಪ್ಲಾಸ್ಟಿಕ್ ತಟ್ಟೆ, ಗ್ಲೌಸ್, ಕನ್ನಡಕ, ತ್ಯಾಜ್ಯಕ್ಕೆ ಒಂದು ಬಾಟಲಿ. ಇಷ್ಟನ್ನು ಮುಂದಿನ ಸೆಮಿಸ್ಟರ್‌ಗೆ ನಾವೆಲ್ಲ ಸೇರಿ ಕೇಳೋಣ. ಅಲ್ಲಿತನಕ ಇಸ್ತ್ರಿ ಪೆಟ್ಟಿಗೆ ನನ್ನ ಹತ್ರ ಇದೆ, ಬೇಕಾದವರು ಬರ್ರಿ. ಹಳೇ ಅಂಗಿ ಹಾಕ್ಕೊಂಡು ಬರ್ರಿ ಮತ್ತ, ಆ ಕಲೆ ಹೋಗೋದಿಲ್ಲ.