ಸೇಬು ಕಚ್ಚಿದ ಗುಡಗೇರಿ ಹುಡುಗ

ಮಿತ್ರರೇ, ಈ ವಾರ ತಾರೆಯರ ಸುದ್ದಿಗೆ ರಜಾ! ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು ಅನ್ನೋದನ್ನು ಮುಂದಿನ ವಾರಕ್ಕೆ ಕಾದಿರಿಸಿದ್ದೇನೆ. ಈ ಸಲ ನನ್ನದೇ ಕಥೆ. ನಾಯಕ ನಾನು, ಖಳನಾಯಕನೂ ನಾನೇ. ಕಥಾವಸ್ತು... ಒಂದು ಫೋನು! ನಗಬೇಡಿ, ಪೂರ್ತಿ ಓದಿ.

2025ರ ಜನವರಿ. ಗಾಂಧಿನಗರದ ಹತ್ತಿರ ಒಂದು ಚಿತ್ರದ ಮುಹೂರ್ತ. ಹೊಸ ನಾಯಕಿಯ (ಹೆಸರು ಬೇಡ, ಪಾಪ) ಎದುರು ನನ್ನ ಗಾಜು ಸೀಳಿದ ಆಂಡ್ರಾಯ್ಡ್ ಫೋನು ಎತ್ತಿ ಹಿಡಿದೆ. ಆಕೆ ನಕ್ಕು, "ಸಾರ್, ನಿಮ್ಮ ಹತ್ರ ಐಫೋನ್ ಇಲ್ವಾ? ಇದ್ರಲ್ಲಿ ನಾನು ಚೆನ್ನಾಗಿ ಬರಲ್ಲ" ಅಂದಳು. ಸುತ್ತಲಿದ್ದ ಪತ್ರಕರ್ತ ಬಂಧುಗಳೆಲ್ಲ ಕಿಸಕ್ಕೆಂದರು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಗುಡಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದವನಿಗೆ ಆ ಫೋನೇ ಪೆನ್ನು, ಅದೇ ಕ್ಯಾಮೆರಾ, ಅದೇ ಟೇಪ್ ರೆಕಾರ್ಡರು. ಆದರೂ ಆ ನಗು ಎದೆಗೆ ನಾಟಿತು ನೋಡಿ!

ಮನಸ್ಸಿಗೆ ಸಮಾಧಾನ ಬೇಕಲ್ಲ, ಕಾರಣ ಹುಡುಕಿಕೊಂಡೆ. ಶಾನ್ ಬೇಕರ್ ಎಂಬ ಅಮೆರಿಕದ ನಿರ್ದೇಶಕ 2015ರಲ್ಲಿ 'ಟ್ಯಾಂಜರೀನ್' ಚಿತ್ರವನ್ನು ಐಫೋನ್ 5ಎಸ್‌ನಲ್ಲೇ ಚಿತ್ರೀಕರಿಸಿದ. ನಮ್ಮ ವಿಶಾಲ್ ಭಾರದ್ವಾಜ್ 2023ರಲ್ಲಿ 'ಫುರ್ಸತ್' ಎಂಬ ಕಿರುಚಿತ್ರವನ್ನು ಐಫೋನ್ 14 ಪ್ರೋದಲ್ಲಿ ತೆಗೆದರು. ನಾನೂ ಒಂದು ತೆಗೆದೇ ಬಿಡ್ತೀನಿ ಅಂತ ಘೋಷಿಸಿ, ಹದಿಮೂರು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಐಫೋನ್ ಎಕ್ಸ್ಆರ್ ಕೊಂಡೆ. (ಕಿರುಚಿತ್ರ ಎಲ್ಲಿಗೆ ಬಂತು ಅಂತ ಯಾರೂ ಕಾಗದ ಬರೀಬೇಡಿ.)

ಅಂಗಡಿ ಹುಡುಗ ಸಜ್ಜನ. "ಹಳೇದರಲ್ಲಿರೋದು ಎಲ್ಲಾ ಇದಕ್ಕೆ ತರಬೇಕಾ ಸಾರ್? ಒಂದೆರಡು ಗಂಟೆ ಹಿಡಿಯುತ್ತೆ" ಅಂತ ಕೇಳಿದ. ನನಗೆ ಪ್ರೆಸ್ ಶೋಗೆ ಹೊತ್ತಾಗಿತ್ತು. "ನಂಬರುಗಳು ಬಂದ್ರೆ ಸಾಕು, ಮಿಕ್ಕಿದ್ದು ಯಾರಿಗೆ ಬೇಕು!" ಅಂದುಬಿಟ್ಟೆ. ಈ ಸಂಭಾಷಣೆ ನೆನಪಿಟ್ಟುಕೊಳ್ಳಿ.

ಆಪರೇಟಿಂಗ್ ಸಿಸ್ಟಂ ಅಂದರೇನು ಅಂತ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಓದುಗ ಮಿತ್ರ ಕೇಳಿದ್ದ. ಪರದೆ, ಕುರ್ಚಿ, ಸ್ಪೀಕರು ಎಲ್ಲ ಫೋನಿನ ಮೈ ಅಂತಿಟ್ಟುಕೊಳ್ಳಿ. ಅದನ್ನೆಲ್ಲ ನಡೆಸುವ ಟಾಕೀಸಿನ ಮ್ಯಾನೇಜರೇ ಆಪರೇಟಿಂಗ್ ಸಿಸ್ಟಂ. ಗೂಗಲ್‌ನವರ ಆಂಡ್ರಾಯ್ಡ್ ಜಾತ್ರೆಯ ಟೂರಿಂಗ್ ಟಾಕೀಸಿದ್ದಂತೆ. ಯಾವ ಕಂಪನಿ ಬೇಕಾದರೂ ಡೇರೆ ಹಾಕಬಹುದು, ನೀವು ಮನೆಯಿಂದ ಚುರುಮುರಿ ಗಂಟು ಕಟ್ಟಿಕೊಂಡು ಹೋದರೂ ಯಾರೂ ಕೇಳಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನು ಈ ಡೇರೆಯವೇ. ಆಪಲ್‌ನವರ ಐಓಎಸ್ ಮಲ್ಟಿಪ್ಲೆಕ್ಸು. ಒಬ್ಬನೇ ಮಾಲೀಕ, ಬಾಗಿಲಲ್ಲಿ ಚೀಲದ ತಪಾಸಣೆ, ಹೊರಗಿನ ತಿಂಡಿ ಒಳಗೆ ಬಿಡಲ್ಲ. ಕುರ್ಚಿ ಮಾತ್ರ ಬಲು ಮೆತ್ತಗೆ!

ಆ ಮೆತ್ತನೆ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯ್ತು. ಮೆಮೊರಿ ಕಾರ್ಡ್ ಹಾಕೋಕೆ ಜಾಗವೇ ಇಲ್ಲ. ನೆನಪಿದೆಯಾ, ಮೊಬೈಲ್ ಅಂಗಡಿಗೆ ಹೋಗಿ ಐವತ್ತು ರೂಪಾಯಿ ಕೊಟ್ಟು ಕಾರ್ಡಿನ ತುಂಬ ಹಾಡು ತುಂಬಿಸಿಕೊಂಡು ಬರುತ್ತಿದ್ದದ್ದು? ಆ ಕಾರ್ಡು ಈಗ ನನ್ನ ಪಾಕೀಟಿನಲ್ಲಿ ದೇವರ ಫೋಟೋ ಪಕ್ಕ ಕೂತಿದೆ. ಇಷ್ಟದ ಹಾಡನ್ನು ರಿಂಗ್‌ಟೋನ್ ಮಾಡೋಣ ಅಂದರೆ ಗ್ಯಾರೇಜ್‌ಬ್ಯಾಂಡ್ ಅನ್ನೋ ಇನ್ನೊಂದು ಆ್ಯಪಿಗೆ ಹೋಗಿ ಹಾಡು ಕತ್ತರಿಸಬೇಕಿತ್ತು, ಅದೂ ಅರ್ಧ ನಿಮಿಷಕ್ಕೆ. ಪಲ್ಲವಿ ಮುಗಿಯೋದರೊಳಗೆ ಖಲಾಸ್! ಚಾರ್ಜರಿನ ಪಿನ್ನೂ ಬೇರೆ. 2023ರ ಐಫೋನ್ 15ರಿಂದ ಎಲ್ಲರಂತೆ ಸಿ-ಪಿನ್ ಬಂತು, ನನ್ನದು ಅದಕ್ಕಿಂತ ಹಿಂದಿನದು. ಗುಡಗೇರಿಯಲ್ಲಿ ಚಹಾ ಅಂಗಡಿಗೆ ಹೋಗಿ "ಚಾರ್ಜರ್ ಐತೇನ್ರೀ?" ಅಂದರೆ ಮೂರು ಥರದ ವೈರು ತೋರಿಸಿದರು, ಒಂದೂ ಕೂರಲಿಲ್ಲ. "ಏನ್ ತಮ್ಮಾ, ಬೆಂಗಳೂರಿಗೆ ಹೋಗಿ ಎಲ್ಲೂ ಹೊಂದಲಾರದ್ದು ತಂದಿಯಲ್ಲೋ!" ಅಂದರು ಅಂಗಡಿಯವರು.

ಇನ್ನು ಕನ್ನಡ. ಆಂಡ್ರಾಯ್ಡ್ 2014ರಲ್ಲೇ, ಲಾಲಿಪಾಪ್ ಅನ್ನೋ ಐದನೇ ಆವೃತ್ತಿಯಲ್ಲಿ, ಪೂರ್ತಿ ಕನ್ನಡ ಕಲಿತಿತ್ತು. ಐಫೋನು ಕನ್ನಡದ ಕೀಲಿಮಣೆ ಕೊಟ್ಟದ್ದು 2017ರಲ್ಲಿ, ಮೆನುಗಳನ್ನೆಲ್ಲ ಕನ್ನಡದಲ್ಲಿ ತೋರಿಸಿದ್ದು 2025ರ ಮಾರ್ಚ್ ಕೊನೆಗೆ, 18.4ನೇ ಆವೃತ್ತಿಯಲ್ಲಿ. ದೊಡ್ಡ ಬಜೆಟ್ಟಿನ ಚಿತ್ರ ನಮ್ಮೂರಿಗೆ ತಡವಾಗಿ ಬಂದ ಹಾಗೆ! ಬಂದದ್ದೇನೋ ಚಂದ ಬಂತು, ಸುಳ್ಳು ಹೇಳಬಾರದು. ಕ್ಯಾಮೆರಾನೂ ಅಷ್ಟೇ ಚಂದ. ಆ ನಾಯಕಿಯ ಫೋಟೋ ತೆಗೆದೆ, ಆಕೆ ಮೆಚ್ಚಿದಳು, ಚಿತ್ರ ಮಾತ್ರ ಮುಹೂರ್ತಕ್ಕೇ ನಿಂತುಹೋಯ್ತು.

ಈಗ ಕಥೆಯ ಮುಖ್ಯ ಪಾತ್ರಕ್ಕೆ ಬರ್ತೀನಿ... ನನ್ನ ಸೋದರಮಾವ.

ನನ್ನನ್ನು ಚಿತ್ರರಸಿಕನನ್ನಾಗಿ ಮಾಡಿದ ಪುಣ್ಯಾತ್ಮ ಇವರೇ. 'ಮುಂಗಾರು ಮಳೆ' ಬಂದಾಗ ಒಂಬತ್ತು ವರ್ಷದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಬ್ಬಳ್ಳಿ ಟಾಕೀಸಿನ ಗದ್ದಲದೊಳಗೆ ನುಗ್ಗಿದವರು. ಹೊಲದ ಕೆಲಸ ಎಷ್ಟೇ ಇರಲಿ, ಶುಕ್ರವಾರ ಮಧ್ಯಾಹ್ನ ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿಗೆ ಹೋಗಿ ಹೊಸ ಚಿತ್ರ ನೋಡಲೇಬೇಕು. ನಾನು ಬೆಂಗಳೂರು ಸೇರಿದ ಮೇಲೆ ವಾಪಸು ಬರುವ ರೈಲಿನಲ್ಲಿ ಕೂತೇ ವಾಟ್ಸಾಪಿಗೆ ದನಿ ಕಳಿಸುತ್ತಿದ್ದರು. ಬರೆಯೋದು ಬೇಜಾರು ಅವರಿಗೆ. "ಏ ಅಳ್ಯಾ, ಇಂಟರ್ವಲ್ ತನಕ ಜಗ್ಗೈತಿ, ಆಮ್ಯಾಲ ಎದ್ದ ನಿಂತೈತಿ. ಫೈಟ್ ಚಲೋ ಅದಾವು. ನೀ ಸುಳ್ಳ ಬರಿಬ್ಯಾಡ." ಹಿಂದೆ ರೈಲಿನ ಗಡಗಡ. ನನ್ನ ಎಷ್ಟೋ ವಿಮರ್ಶೆಗಳ ಮೊದಲ ಸಾಲು ಅವರದೇ, ಈಗ ಒಪ್ಪಿಕೊಳ್ತೀನಿ.

2024ರ ಶ್ರಾವಣದಲ್ಲಿ ಮಾವ ಹೋದರು. ಎದೆನೋವು. ಹುಬ್ಬಳ್ಳಿ ತಲುಪೋದರೊಳಗೆ ಮುಗಿದಿತ್ತು.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಹಳೇ ಆಂಡ್ರಾಯ್ಡ್ ಫೋನನ್ನು ಅತ್ತಿಗೆ ಕೊಟ್ಟೆ. ವಾಟ್ಸಾಪ್ ಕಿತ್ತು, ಮತ್ತೆ ಹಾಕಿ, ಅವರ ನಂಬರಿನಿಂದ ಶುರು ಮಾಡಿಕೊಟ್ಟೆ. ಶ್ರಾವಣ ಮತ್ತೆ ಬಂತು. ವರ್ಷದ ಕಾರ್ಯಕ್ಕೆ ಹೋದವನನ್ನು ಅತ್ತಿ ಪಡಸಾಲೆಗೆ ಕರೆದು ಮೆಲ್ಲಗೆ ಕೇಳಿದರು: "ನಿನಗ ಭಾಳ ಮಾತು ಕಳಸ್ತಿದ್ರಲ್ಲೋ. ಒಂದರೆ ಕೇಳಸು. ನಾ ಅವರ ದನಿ ಕೇಳಿ ವರ್ಷಾತು."

ಅವರ ಹತ್ತಿರ ಮಾವನ ಫೋಟೋ ಇತ್ತು, ಮದುವೆ ವಿಡಿಯೋ ಇತ್ತು. ಆ ವಿಡಿಯೋದಲ್ಲಿ ಬರೀ ಹಾಡು, ಮಾತಿಲ್ಲ. ಒಂದೇ ಮನೆಯಲ್ಲಿದ್ದವರು ಒಬ್ಬರಿಗೊಬ್ಬರು ದನಿ ಯಾಕೆ ಕಳಿಸುತ್ತಾರೆ, ಹೇಳಿ?

ನನ್ನ ಐಫೋನ್ ತೆಗೆದೆ. ಮಾವನ ಹೆಸರಿತ್ತು, ನಂಬರಿತ್ತು, ಒಳಗೆ ಖಾಲಿ. ಆಗ ಅಂಗಡಿ ಹುಡುಗನ ಮಾತು ನೆನಪಾಯ್ತು. ಆಂಡ್ರಾಯ್ಡಿನ ವಾಟ್ಸಾಪ್ ಗಂಟು ಗೂಗಲ್‌ನ ಉಗ್ರಾಣಕ್ಕೆ ಹೋಗುತ್ತದೆ, ಐಫೋನಿನದು ಆಪಲ್‌ನ ಉಗ್ರಾಣಕ್ಕೆ. ಒಂದರ ಬೀಗಕ್ಕೆ ಇನ್ನೊಂದರ ಕೀಲಿ ಹತ್ತಲ್ಲ. ಆಂಡ್ರಾಯ್ಡಿನಿಂದ ಐಫೋನಿಗೆ ಮಾತುಕತೆ ಸಾಗಿಸುವ ದಾರಿ 2022ರಲ್ಲೇ ತೆರೆದಿತ್ತು, ನಿಜ. 'ಮೂವ್ ಟು ಐಓಎಸ್' ಅನ್ನೋ ಆ್ಯಪ್, ಎರಡೂ ಫೋನು ಪಕ್ಕಪಕ್ಕ, ಎರಡಕ್ಕೂ ಚಾರ್ಜು. ಆದರೆ ಐಫೋನು ಹೊಸದಾಗಿ ಕಣ್ಣು ಬಿಡುವಾಗಲೇ ಅದು ಆಗಬೇಕು. ನಾನು ಆ ಮುಹೂರ್ತ ತಪ್ಪಿಸಿದ್ದೆ. ಗೂಗಲ್ ಉಗ್ರಾಣದಲ್ಲಾದರೂ ಇದೆಯಾ ಅಂದರೆ ಅದೂ ಇಲ್ಲ. 2024ರಿಂದ ವಾಟ್ಸಾಪ್ ಗಂಟನ್ನೂ ಪುಕ್ಕಟೆ 15 ಜಿ.ಬಿ. ಲೆಕ್ಕಕ್ಕೆ ಸೇರಿಸತೊಡಗಿದಾಗ ಜಾಗ ಸಾಲದೆ ನಾನೇ ಅದನ್ನು ನಿಲ್ಲಿಸಿದ್ದೆ.

"ಇಲ್ಲತ್ತಿ..." ಅಂದೆ. ಅತ್ತಿ ಏನೂ ಅನ್ನಲಿಲ್ಲ. "ಇರ್ಲಿ ಬಿಡು" ಅಂದು ಒಳಗೆ ಹೋದರು. ಬೈದಿದ್ದರೆ ಚಲೋ ಇತ್ತು.

ಸಂಜೆ ಅವರೇ ಫೋನು ಹಿಡಿದು ಬಂದರು. "ಇದ್ ನೋಡು, ಜಾಗ ಇಲ್ಲ ಅಂತ ದಿನಾ ತೋರಸ್ತೈತಿ. ಬ್ಯಾಡಾದ್ದು ತಗದ ಹಾಕು." ಹಳೇ ಫೋನು, ಅಲ್ಲಿ ಕನ್ನಡದಲ್ಲೇ 'ಸಂಗ್ರಹಣೆ' ಅಂತ ಬರೆದಿತ್ತು. ಒಂದೊಂದೇ ಕಡತ ತೆಗೆಯುತ್ತಾ ಹೋದೆ. ನಾಯಕಿಯರ ಜೊತೆಗಿನ ನನ್ನ ಸೆಲ್ಫಿಗಳು ಸಾಲಾಗಿ ಬಂದಾಗ ನಾಚಿಕೆಯಾಯ್ತು. ಕೊಡುವಾಗ ಫೋನನ್ನು ಪೂರ್ತಿ ಅಳಿಸಬೇಕು ಅಂತಾರೆ, ನಾನು ಸೋಮಾರಿ, ಅಳಿಸಿರಲಿಲ್ಲ. ಇನ್ನೂ ಒಳಗೆ ಹೋದರೆ ವಾಟ್ಸಾಪಿನ ಡಬ್ಬಿ, ಅದರೊಳಗೆ 'ವಾಯ್ಸ್ ನೋಟ್ಸ್' ಅನ್ನೋ ಇನ್ನೊಂದು ಡಬ್ಬಿ.

ಎದೆ ಧಸಕ್ಕೆಂದಿತು!

ಮಾತುಕತೆಯ ಪಟ್ಟಿ ಹೋದರೂ ದನಿಯ ಕಡತಗಳು ಅಲ್ಲೇ ಬಿದ್ದಿದ್ದವು. ಯಾರ ದನಿ ಅಂತ ಹೆಸರಿಲ್ಲ. ಬರೀ ತಾರೀಕು, ಅಂಕಿ. ವರ್ಷ, ವಾರದ ಲೆಕ್ಕದಲ್ಲಿ ಸಣ್ಣ ಸಣ್ಣ ಗೂಡು. ನಿರ್ಮಾಪಕರು, ಪಿ.ಆರ್.ಓ.ಗಳು, ಗೆಳೆಯರು, ಸಾಲ ಕೊಟ್ಟವರು, ಎಲ್ಲರ ದನಿಯೂ ಕಲಸಿಹೋಗಿದೆ. ನೂರಾರು! ಹುಡುಕೋದು ಹೇಗೆ?

ಪಿ.ಯು.ಸಿ. ಬಿಟ್ಟವನಾದರೇನು, ಬಿಡುಗಡೆ ತಾರೀಕುಗಳು ನನಗೆ ಮಗ್ಗಿಯಿದ್ದಂತೆ. ಕೆ.ಜಿ.ಎಫ್. ಎರಡನೇ ಭಾಗ 2022ರ ಏಪ್ರಿಲ್ 14. ಆ ವಾರದ ಗೂಡು ತೆರೆದೆ, ಮಾವ ಸಿಕ್ಕರು! ಕಾಂತಾರ ಸೆಪ್ಟೆಂಬರ್ 30. ಮಾವ! 'ಕಾಟೇರ' 2023ರ ಡಿಸೆಂಬರ್ 29. ಮಾವ, ಶೀತ ಆಗಿ ಕೆಮ್ಮುತ್ತಾ! ನಡುನಡುವೆ ನನ್ನ ಉತ್ತರಗಳೂ ಇದ್ದವು. "ಹೂಂ ಮಾವಾ", "ಬಿಜಿ ಅದೀನಿ ಮಾವಾ, ಆಮ್ಯಾಲ ಕೇಳ್ತೀನಿ." ಎರಡು ಸೆಕೆಂಡು, ಮೂರು ಸೆಕೆಂಡು. ಅವನ್ನು ಬೇಗ ದಾಟಿಸಿದೆ.

ಆ ಏಳು ತಿಂಗಳ ಕಾಲ... ಅಲ್ಲ, ಯುಗಾದಿಯಿಂದ ಲೆಕ್ಕ ಹಾಕಿದರೆ ಐದು ತಿಂಗಳು, ಅತ್ತಿಯ ದಿಂಬಿನ ಪಕ್ಕದಲ್ಲೇ ಇದ್ದವು ಇವೆಲ್ಲ.

ಅತ್ತಿಗೆ ಮೊದಲು ಕೇಳಿಸಿದ್ದು 2022ರ ಮಾರ್ಚ್ 17ರದ್ದು. 'ಜೇಮ್ಸ್' ಬಿಡುಗಡೆಯಾದ ದಿನ. ಅಪ್ಪು ಹೋಗಿ ಐದು ತಿಂಗಳೂ ಆಗಿರಲಿಲ್ಲ. ಡಬ್ಬಿಂಗ್ ಮುಗಿಸದೆ ಹೋದ ತಮ್ಮನ ಪಾತ್ರಕ್ಕೆ ಶಿವಣ್ಣ ದನಿ ಕೊಟ್ಟಿದ್ದರು. ಮುಂದಿನ ತಿಂಗಳು ಹೊಸ ತಂತ್ರದಿಂದ ಅಪ್ಪುವಿನದೇ ದನಿ ಕೂಡಿಸಿದ ಪ್ರಿಂಟು ಬಂತು, ನಿಮಗೆಲ್ಲ ಗೊತ್ತು. ಮಾವ ನೋಡಿದ್ದು ಮೊದಲಿನದನ್ನು.

"ಅಳ್ಯಾ... ಮಂದಿ ಎಲ್ಲಾ ಅಳಾಕತ್ತಿದ್ರೋ. ಮಾರಿ ಅವಂದು, ದನಿ ಅಣ್ಣಂದು. ನಾ ಕಣ್ಣು ಮುಚ್ಚಲಿಲ್ಲ, ನೋಡಕೋತನ ಕುಂತೆ." ಆಮೇಲೆ ಸ್ವಲ್ಪ ಹೊತ್ತು ಬರೀ ರೈಲಿನ ಸದ್ದು. ಕೊನೆಗೆ, "ನಿಮ್ಮತ್ತಿಗೆ ಹೇಳಬ್ಯಾಡ, ಅಕೀಗೂ ಟಿಕೆಟ್ ತಗಿಸಿ ಕರ್ಕೊಂಡ ಹೋಗೋದಿತ್ತು. ಬಿಟ್ಟು ಬಂದೇನಿ."

ಅತ್ತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅತ್ತರು ಅಂತಲೂ ಅನ್ನಬಹುದು. "ಇನ್ನೊಮ್ಮಿ ಹಚ್ಚು" ಅಂದರು.

ಅಲ್ಲಿಂದ ಒಂದೊಂದನ್ನೇ ನನ್ನ ಐಫೋನಿಗೂ ಕಳಿಸಿಕೊಂಡೆ, ಕಂಪ್ಯೂಟರಿಗೂ ತುಂಬಿಸಿದೆ. ಇಲ್ಲಿಯ ತನಕ ಸಿಕ್ಕಿದ್ದು ಮೂವತ್ತೊಂದು. ಬಿಡುಗಡೆ ಇಲ್ಲದ ವಾರಗಳ ಗೂಡುಗಳನ್ನು ಇನ್ನೂ ತೆರೆದಿಲ್ಲ. ಅತ್ತಿಯ ಫೋನಿಗೆ ಜಾಗ ಮಾಡಬೇಕಿತ್ತಲ್ಲ, ನನ್ನ ಸೆಲ್ಫಿಗಳನ್ನೆಲ್ಲ ಅಳಿಸಿದೆ.

ಮುಂದಿನ ವಾರ ನಾಯಕಿಯ ಮುನಿಸಿನ ಕಥೆ. ಅಲ್ಲೀತನಕ ನಮಸ್ಕಾರ!