ಮಿದುಳಿನ ಮಾತು ಕನ್ನಡದಲ್ಲಿ ಬರೋದು ಯಾವಾಗ?

ಕೇಸಿ ಹ್ಯಾರೆಲ್ ಅನ್ನೋ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದವರು, ಪರಿಸರ ಹೋರಾಟಗಾರ. ನಲವತ್ತರ ಆಸುಪಾಸಿನಲ್ಲೇ ಅವರಿಗೆ ಎಎಲ್‌ಎಸ್ ಬಂತು. ಸ್ಟೀಫನ್ ಹಾಕಿಂಗ್ ಅವರಿಗಿತ್ತಲ್ಲ, ಅದೇ ಕಾಯಿಲೆ. ಸ್ನಾಯುಗಳಿಗೆ ಆದೇಶ ತಲುಪಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈಕಾಲು ಸೋಲುತ್ತೆ, ಆಮೇಲೆ ನಾಲಿಗೆ. ಹೇಳಬೇಕಾದ್ದೆಲ್ಲ ತಲೆಯೊಳಗೆ ಸ್ಪಷ್ಟವಾಗಿಯೇ ಇದ್ದರೂ ಹೊರಗೆ ಬರೋದು ಯಾರಿಗೂ ಅರ್ಥವಾಗದ ಗೊಣಗಾಟ.

2023ರ ಜುಲೈನಲ್ಲಿ ಯುಸಿ ಡೇವಿಸ್ ವಿಶ್ವವಿದ್ಯಾಲಯದ ವೈದ್ಯರು ಅವರ ಮಿದುಳಿನಲ್ಲಿ 256 ಪುಟಾಣಿ ಎಲೆಕ್ಟ್ರೋಡ್‌ಗಳನ್ನು ಇಟ್ಟರು. ತುಟಿ, ನಾಲಿಗೆ, ದವಡೆಗೆ ‘ಹೀಗೆ ಅಲುಗಾಡು’ ಅಂತ ಆದೇಶ ಹೊರಡುವ ಜಾಗದಲ್ಲಿ. ಕೆಲವು ವಾರಗಳ ನಂತರ ಯಂತ್ರ ಚಾಲೂ ಮಾಡಿದಾಗ ಅವರು ಹೇಳಲು ಯತ್ನಿಸಿದ ಪದಗಳು ಪರದೆಯ ಮೇಲೆ ಮೂಡಿದವು. ಹ್ಯಾರೆಲ್ ಅತ್ತುಬಿಟ್ಟರು. ಚೀತಾ ವೇಷ ಹಾಕ್ಕೊಂಡು ಬಂದ ಪುಟ್ಟ ಮಗಳ ಜೊತೆ ಅವರು ಆ ಯಂತ್ರದ ಮೂಲಕ ಮಾತಾಡಿದರು. ಮೊದಲ ದಿನ 50 ಪದಗಳ ಪಟ್ಟಿ, ಎರಡನೇ ದಿನಕ್ಕೆ 1,25,000 ಪದಗಳು. ತಿಂಗಳುಗಳ ಬಳಕೆಯಲ್ಲಿ ನಿಖರತೆ 97 ಪರ್ಸೆಂಟ್ ದಾಟಿತು. 2024ರ ಆಗಸ್ಟ್‌ನಲ್ಲಿ ಇದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯ್ತು.

ಇಂಥ ಸುದ್ದಿ ಬಂದಾಗಲೆಲ್ಲ ‘ಮನಸ್ಸು ಓದುವ ಯಂತ್ರ ಬಂತು’ ಅಂತ ಹೆಡ್‌ಲೈನ್ ಹಾಕ್ತಾರೆ. ನನಗೆ ಅದು ಇಷ್ಟವಾಗಲ್ಲ. ಹ್ಯಾರೆಲ್ ಮಾತಾಡಲು ಪ್ರಯತ್ನಪಟ್ಟರೆ ಮಾತ್ರ ಈ ಯಂತ್ರಕ್ಕೆ ಕೆಲಸ. ಮತ್ತೆ, ಅದು ಮಿದುಳಿನಿಂದ ಪದಗಳನ್ನು ಎತ್ತಿಕೊಳ್ಳುವುದೂ ಇಲ್ಲ. ಅದಕ್ಕೆ ಸಿಗೋದು ಬರೀ ಧ್ವನಿಗಳ ಅಂದಾಜು: ‘ಇದು ಬಹುಶಃ ಪ, ಇಲ್ಲಾಂದ್ರೆ ಬ’ ಅನ್ನೋ ಥರ. ಇಂಗ್ಲಿಷ್‌ಗೆ ಅವರು ಇಟ್ಟುಕೊಂಡ ಧ್ವನಿಗಳು 39. ಆ ತೊದಲು ಅಂದಾಜನ್ನು ವಾಕ್ಯ ಮಾಡೋದು ಭಾಷಾ ಮಾದರಿ, ಅಂದರೆ ಕೋಟ್ಯಂತರ ಇಂಗ್ಲಿಷ್ ವಾಕ್ಯ ಓದಿಕೊಂಡ ಎಐ. ನಿಮ್ಮ ಫೋನಿನ ಕೀಬೋರ್ಡ್ ನೀವು ಅಡ್ಡಾದಿಡ್ಡಿ ಒತ್ತಿದ್ದನ್ನು ಸರಿಮಾಡಿ ಕೊಡುತ್ತಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಈಗ ನಿಮ್ಮ ಕೀಬೋರ್ಡನ್ನು ಕನ್ನಡಕ್ಕೆ ಬದಲಾಯಿಸಿ ನೋಡಿ. ಹೇಗಿದೆ ಅನುಭವ? ನಾನು ಹೇಳಹೊರಟಿದ್ದು ಅದೇ.

ಮಿದುಳಿನ ಶಸ್ತ್ರಚಿಕಿತ್ಸೆ, ಎಲೆಕ್ಟ್ರೋಡ್, ನ್ಯೂರಲ್ ನೆಟ್‌ವರ್ಕ್ ಎಲ್ಲವನ್ನೂ ನಾಳೆ ಯಾರೋ ಬೆಂಗಳೂರಿಗೆ ತಂದುಕೊಟ್ಟರು ಅಂತಿಟ್ಟುಕೊಳ್ಳಿ. ಹಾಸನದ ಒಬ್ಬ ಮೇಷ್ಟ್ರಿಗೆ ಅದನ್ನು ಅಳವಡಿಸಿದರೆ ಅವರು ಯಾವ ಭಾಷೆಯಲ್ಲಿ ಮಾತಾಡಬೇಕು? ಕನ್ನಡದಲ್ಲಿ ‘ಬೆಲೆ’ ಬೇರೆ, ‘ಬೆಳೆ’ ಬೇರೆ. ‘ಕೊಡು’ ಬೇರೆ, ‘ಕೋಡು’ ಬೇರೆ. ನಾಲಿಗೆ ಎಷ್ಟು ಮಡಚಿತು, ಸ್ವರವನ್ನು ಎಷ್ಟು ಎಳೆದರು ಅನ್ನೋದರ ಮೇಲೆ ಅರ್ಥ ನಿಂತಿದೆ. 39 ಇಂಗ್ಲಿಷ್ ಧ್ವನಿಗಳ ಪಟ್ಟಿ ಇಲ್ಲಿ ನಡೆಯಲ್ಲ.

ಅದಕ್ಕಿಂತ ದೊಡ್ಡ ತೊಡಕು ಪದಗಳ ಪಟ್ಟಿಯದ್ದು. 1,25,000 ಪದ ಇದ್ದರೆ ಇಂಗ್ಲಿಷ್‌ನ ದಿನನಿತ್ಯದ ಮಾತು ಬಹುತೇಕ ಮುಗೀತು. ಕನ್ನಡದಲ್ಲಿ ‘ಬರು’ ಅನ್ನೋ ಒಂದೇ ಕ್ರಿಯಾಪದ ತಗೊಳ್ಳಿ. ಬಂದ, ಬಂದಳು, ಬಂದರಂತೆ, ಬರಲಿಲ್ಲವಂತೆ, ಬರ್ತಿದ್ದೋರು, ಬರೋದಾದ್ರೆ, ಬಂದುಬಿಟ್ಟಿದ್ದಾರಲ್ಲಪ್ಪಾ... ಪಟ್ಟಿ ಮಾಡ್ತಾ ಹೋದರೆ ಸಂಜೆ ಆಗುತ್ತೆ. ಇಂಗ್ಲಿಷ್ ಐದಾರು ಪದದಲ್ಲಿ ಹೇಳೋದನ್ನು ನಾವು ಒಂದೇ ಪದಕ್ಕೆ ಅಂಟಿಸಿ ಹೇಳ್ತೀವಿ. ಅದರ ಮೇಲೆ ಊರೂರಿನ ಕನ್ನಡ: ಧಾರವಾಡದವರ ‘ಬರ್ತೀನ್ರಿ’, ಮಂಗಳೂರಿನವರ ‘ಬರ್ತೇನೆ’, ಕುಂದಾಪುರದವರ ‘ಬತ್ತೆ’. ಕುಂದಾಪುರದ ಅಜ್ಜಿ ಯಂತ್ರದ ಮೂಲಕ ಟಿವಿ ವಾರ್ತೆಯ ಕನ್ನಡ ಮಾತಾಡಿದರೆ ಮೊಮ್ಮಕ್ಕಳಿಗೆ ಅದು ಅಜ್ಜಿ ಅನ್ನಿಸುತ್ತಾ?

ಹಾಗಾಗಿ ಇದನ್ನು ಬರೀ ನರವಿಜ್ಞಾನದ ಪ್ರಾಜೆಕ್ಟ್ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಶಸ್ತ್ರಚಿಕಿತ್ಸಕರು ಮತ್ತು ಕಂಪ್ಯೂಟರ್ ಸೈನ್ಸ್‌ನವರ ಪಕ್ಕದಲ್ಲೇ ಭಾಷಾವಿಜ್ಞಾನದವರಿಗೂ ಕುರ್ಚಿ ಬೇಕು. ನಮ್ಮಲ್ಲಿ ‘ಭಾಷಾವಿಜ್ಞಾನ ಓದಿ ಏನ್ ಮಾಡ್ತೀಯಪ್ಪಾ, ಕೆಲಸ ಸಿಗುತ್ತಾ?’ ಅಂತ ಕೇಳೋ ಚಿಕ್ಕಪ್ಪಂದಿರಿಗೆ ಈ ಪ್ಯಾರಾ ಫಾರ್ವರ್ಡ್ ಮಾಡಬಹುದು.

ಎರಡು ಭಾಷೆಯ ಕಥೆಯೂ ಇದೆ. ಯುಸಿ ಸ್ಯಾನ್ ಫ್ರಾನ್ಸಿಸ್ಕೋದ ಎಡ್ವರ್ಡ್ ಚಾಂಗ್ ಅವರ ತಂಡದ ಜೊತೆ ಪಾಂಚೊ ಅನ್ನೋ ಅಡ್ಡಹೆಸರಿನ ಒಬ್ಬರಿದ್ದಾರೆ. 20ನೇ ವಯಸ್ಸಿನಲ್ಲಿ ಸ್ಟ್ರೋಕ್ ಆಗಿ ಮಾತು ಹೋಯ್ತು. ತಾಯ್ನುಡಿ ಸ್ಪ್ಯಾನಿಷ್, ಇಂಗ್ಲಿಷ್ ಕಲಿತದ್ದು ಸ್ಟ್ರೋಕ್ ಆದಮೇಲೆ. ಅಂದರೆ ಬಾಯಿಬಿಟ್ಟು ಸರಿಯಾಗಿ ಆಡಲಾಗದೆಯೇ ಕಲಿತ ಭಾಷೆ! 2024ರಲ್ಲಿ ತಂಡ ಅವರಿಗಾಗಿ ಎರಡೂ ಭಾಷೆಯ ಯಂತ್ರ ಮಾಡಿತು. ಮಾತು ಹೊರಡಿಸುವ ಭಾಗದಲ್ಲಿ ಎರಡು ಭಾಷೆಗೂ ಮಿದುಳಿನ ಚಟುವಟಿಕೆ ಬಹುಮಟ್ಟಿಗೆ ಒಂದೇ ಥರ ಕಂಡಿತು. ನಾಲಿಗೆ ಒಂದೇ ಅಲ್ವಾ. ಹಾಗಾದರೆ ಇದು ಸ್ಪ್ಯಾನಿಷ್, ಇದು ಇಂಗ್ಲಿಷ್ ಅಂತ ಗುರುತಿಸೋದು ಹೇಗೆ? ಎರಡು ಭಾಷೆಯ ಮಾದರಿಗಳೂ ಒಂದೇ ಸಂಕೇತವನ್ನು ಓದಿ ವಾಕ್ಯ ಕಟ್ಟುತ್ತವೆ, ಯಾವುದು ಹೆಚ್ಚು ಸಹಜವೋ ಅದು ಪರದೆಗೆ ಬರುತ್ತೆ.

ಇದು ನಮಗೆ ಒಳ್ಳೇ ಸುದ್ದಿ. ಒಂದು ಭಾಷೆಯಲ್ಲಿ ಪಡೆದ ತರಬೇತಿ ಇನ್ನೊಂದಕ್ಕೂ ನೆರವಾಗುತ್ತೆ ಅಂತ ಅವರು ತೋರಿಸಿದ್ದಾರೆ. ಆದರೆ ‘ಮೀಟಿಂಗ್ ಮುಗಿಸ್ಕೊಂಡು ಕಾಲ್ ಮಾಡ್ತೀನಿ’ ಅನ್ನೋ ನಮ್ಮ ಆಫೀಸ್ ಕನ್ನಡದಲ್ಲಿ ಭಾಷೆ ವಾಕ್ಯದ ಮಧ್ಯದಲ್ಲೇ, ಒಂದೇ ಉಸಿರಿನಲ್ಲಿ ಬದಲಾಗುತ್ತೆ. ಅದಕ್ಕೂ ಯಂತ್ರವನ್ನು ತಯಾರು ಮಾಡಬೇಕು. ಮಾಡೋರು ಇಲ್ಲಿಯವರೇ ಆಗಬೇಕು, ಬೇರೆ ಯಾರಿಗೂ ಇದರ ತುರ್ತು ಇಲ್ಲ.

ಬುನಾದಿಯ ಕೆಲಸ ಅಲ್ಲಲ್ಲಿ ನಡೀತಿದೆ. ಬೆಂಗಳೂರಿನ ಐಐಎಸ್‌ಸಿಯ ಪ್ರಶಾಂತ ಕುಮಾರ್ ಘೋಷ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆ ಸೇರಿ ಎಎಲ್‌ಎಸ್ ಮತ್ತು ಪಾರ್ಕಿನ್ಸನ್ ಇರುವವರ ಮಾತನ್ನು ದಾಖಲಿಸುತ್ತಿದೆ. ಅದರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಐಐಎಸ್‌ಸಿಯದ್ದೇ ‘ವಾಣಿ’ ಯೋಜನೆಗೆ ಗೂಗಲ್ ನೆರವಿದೆ. ದೇಶದ ಜಿಲ್ಲೆ ಜಿಲ್ಲೆಯ ಜನರಿಗೆ ಒಂದು ಚಿತ್ರ ತೋರಿಸಿ, ‘ನಿಮ್ಮ ಮಾತಲ್ಲಿ ಹೇಳಿ’ ಅಂತ ರೆಕಾರ್ಡ್ ಮಾಡ್ಕೊಳ್ತಾರೆ. ಪುಸ್ತಕ ಓದಿಸಿದರೆ ಎಲ್ಲರೂ ಶಾಲೆಯ ಕನ್ನಡಕ್ಕೆ ಬಂದುಬಿಡ್ತಾರೆ. ಚಿತ್ರ ತೋರಿಸಿದರೆ ಮನೆಯ ಕನ್ನಡ ಬರುತ್ತೆ. ಸಣ್ಣ ಉಪಾಯ, ಆದರೆ ನನಗೆ ಎಲೆಕ್ಟ್ರೋಡ್‌ಗಿಂತ ಇದೇ ಹೆಚ್ಚು ಹಿಡಿಸಿತು.

ಎಲೆಕ್ಟ್ರೋಡ್‌ನ ವಿಷಯದಲ್ಲಿ ಆತುರ ಬೇಡ. ಅದು ಇನ್ನೂ ಬೆರಳೆಣಿಕೆಯ ಜನರ ಮೇಲೆ ನಡೆದಿರುವ ಪ್ರಯೋಗ. ತಲೆಬುರುಡೆ ತೆರೆಯಬೇಕು, ತಲೆಯಿಂದ ಕೇಬಲ್ ಕಂಪ್ಯೂಟರ್‌ಗೆ ಹೋಗಬೇಕು. ಈಗ ಮನೆಯಲ್ಲಿ ಯಾರಿಗಾದರೂ ಮಾತು ಕ್ಷೀಣಿಸುತ್ತಿದ್ದರೆ ನಿಮ್ಹಾನ್ಸ್ ಇದೆ, 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚಿತ್ರದ ಬೋರ್ಡ್, ಕಣ್ಣಿನ ಸನ್ನೆಯಂಥ ಸರಳ ದಾರಿಗಳೂ ಎಷ್ಟೋ ಜನರ ದಿನವನ್ನು ಹಗುರ ಮಾಡ್ತವೆ.

ಇನ್ನೊಂದು ಮಾತು. ಹ್ಯಾರೆಲ್ ಅವರ ಯಂತ್ರ ಪದಗಳನ್ನು ಓದಿ ಹೇಳುವುದು ಅವರದೇ ದನಿಯಲ್ಲಿ. ಕಾಯಿಲೆಗೆ ಮುಂಚಿನ ರೆಕಾರ್ಡಿಂಗ್‌ಗಳಿಂದ ಎಐ ಅದನ್ನು ಮರಳಿ ಕಟ್ಟಿತು. ಅವು ಇದ್ದವು, ಹಾಗಾಗಿ ಆಯ್ತು. ಎಎಲ್‌ಎಸ್ ಅಂತ ಗೊತ್ತಾದ ಕೂಡಲೇ, ದನಿ ಇನ್ನೂ ಚೆನ್ನಾಗಿರುವಾಗಲೇ ಮಾತನ್ನು ಕೂಡಿಡಿ ಅಂತ ತಜ್ಞರು ಹೇಳೋದು ಇದಕ್ಕೇ. ವಾಟ್ಸಾಪ್‌ನಲ್ಲಿ ಅಪ್ಪ ಕಳಿಸಿದ ‘ಊಟ ಆಯ್ತಾ’ ಅನ್ನೋ ಎರಡು ಸೆಕೆಂಡಿನ ವಾಯ್ಸ್ ಮೆಸೇಜ್ ಇದಕ್ಕೆ ಸಾಲದು. ಫ್ಯಾನ್ ಆಫ್ ಮಾಡಿ, ಫೋನ್ ಹತ್ತಿರ ಇಟ್ಟು, ಅವರ ಹಳೇ ಕೆಲಸದ ಬಗ್ಗೆಯೋ ಊರಿನ ಜಾತ್ರೆ ಬಗ್ಗೆಯೋ ಕೇಳಿ ಅರ್ಧ ಗಂಟೆ ರೆಕಾರ್ಡ್ ಮಾಡಿ. ಪ್ರಶ್ನೆ ಕೇಳಿ ಸುಮ್ಮನಿರಿ, ಮಧ್ಯೆ ಬಾಯಿ ಹಾಕಬೇಡಿ.